ಎಳೆದರೂ ದಪ್ಪವಾಗದ ಕಪಾಟು: ಸ್ಕೆಚ್‌ಅಪ್‌ನಲ್ಲಿ ಡೈನಾಮಿಕ್ ಕಾಂಪೊನೆಂಟ್ ಮಾಡುವುದು ಹೇಗೆ

ಮೊದಲು ನನ್ನದೇ ಒಂದು ಎಡವಟ್ಟು ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಮನೆಗೆ ಪುಸ್ತಕದ ಕಪಾಟು ಮಾಡಿಸಬೇಕಿತ್ತು. ಸ್ಕೆಚ್‌ಅಪ್ ಅನ್ನುವ 3ಡಿ ಮಾಡೆಲ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಮಾಡಿದ 900 ಮಿ.ಮೀ. ಅಗಲದ ಕಪಾಟಿನ ಮಾಡೆಲ್ ನನ್ನ ಹತ್ತಿರ ಮೊದಲೇ ಇತ್ತು. ಮನೆಯವರು ಇನ್ನೂ ಸ್ವಲ್ಪ ಅಗಲ ಇರಲಿ, 1200 ಮಾಡಿ ಅಂದರು. ಅದೇನು ದೊಡ್ಡ ಕೆಲಸ ಎಂದು ಸ್ಕೇಲ್ ಟೂಲ್ ತಗೊಂಡೆ, ಪಕ್ಕದ ಹಸಿರು ಚೌಕ ಹಿಡಿದು ಎಳೆದೆ, 1200 ಆಯಿತು, ಕಟಿಂಗ್ ಲಿಸ್ಟ್ ಬರೆದು ವಾಟ್ಸ್ಆ್ಯಪ್‌ನಲ್ಲಿ ಬಡಗಿಗೆ ಕಳಿಸಿ ಮಲಗಿದೆ. ಬೆಳಗ್ಗೆ ಅವರ ಫೋನ್. "ಸಾರ್, 24 ಎಂಎಂ ಪ್ಲೈ ಎಲ್ಲಿ ಸಿಗುತ್ತೆ?"

ಸ್ಕೇಲ್ ಟೂಲ್‌ಗೆ ಪ್ಲೈವುಡ್ ಅಂದರೆ ಏನು ಅಂತ ಗೊತ್ತಿಲ್ಲ. ಅದು ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಹಿಗ್ಗಿಸುತ್ತದೆ. 900 ಹೋಗಿ 1200 ಆದಾಗ 18 ಮಿ.ಮೀ. ಪಕ್ಕದ ಹಲಗೆಯೂ ಅದೇ ಲೆಕ್ಕದಲ್ಲಿ 24 ಆಯಿತು. ಒಳಗಿನ ಅಡ್ಡ ಹಲಗೆ 1164 ಇರಬೇಕಾದದ್ದು 1152ಕ್ಕೆ ನಿಂತಿತು. ಅವರು ಕೇಳದೆ ಸುಮ್ನೆ ಕೊಯ್ದಿದ್ದರೆ ಪ್ರತಿ ಹಲಗೆಯೂ 12 ಮಿ.ಮೀ. ಗಿಡ್ಡ. ಒಂದು ಶೀಟ್ ಪ್ಲೈ ಕಸಕ್ಕೆ.

ಅವತ್ತೇ ಕೂತು ಡೈನಾಮಿಕ್ ಕಾಂಪೊನೆಂಟ್, ಅಂದರೆ ಫಾರ್ಮುಲಾ ಹೇಳಿದ ಹಾಗೆ ತನ್ನ ಅಳತೆ ತಾನೇ ಸರಿ ಮಾಡಿಕೊಳ್ಳುವ ಮಾಡೆಲ್, ಮಾಡುವುದನ್ನು ಕಲಿತೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ. ಅಗಲ ಬದಲಾಯಿಸಿದರೆ ಅಗಲ ಮಾತ್ರ ಬದಲಾಗುವ, ಎತ್ತರ ಹೆಚ್ಚಿಸಿದರೆ ತಾನೇ ಇನ್ನೊಂದು ಹಲಗೆ ಸೇರಿಸಿಕೊಳ್ಳುವ, ಪ್ಲೈ ದಪ್ಪ ಮಾತ್ರ ನಾವು ಹೇಳಿದಷ್ಟೇ ಇಟ್ಟುಕೊಳ್ಳುವ ಕಪಾಟು. ಒಮ್ಮೆ ಮಾಡಿಟ್ಟರೆ ವರ್ಷಗಟ್ಟಲೆ ಬಳಸಬಹುದು.

ಶುರು ಮಾಡುವ ಮುಂಚೆ ಎರಡು ಮಾತು. ಫಾರ್ಮುಲಾ ಬರೆಯಲು ಕಂಪ್ಯೂಟರ್‌ಗೆ ಇನ್‌ಸ್ಟಾಲ್ ಮಾಡುವ ಆವೃತ್ತಿಯೇ ಬೇಕು. ಬ್ರೌಸರ್‌ನಲ್ಲಿ ತೆರೆಯುವ ಉಚಿತ ಸ್ಕೆಚ್‌ಅಪ್‌ನಲ್ಲಿ ಇದು ಆಗುವುದಿಲ್ಲ. ಇನ್ನೊಂದು, ಈ ಸೌಲಭ್ಯ ಹಳೆಯದು. ಸ್ಕೆಚ್‌ಅಪ್ ಗೂಗಲ್ ಕೈಯಲ್ಲಿದ್ದಾಗ, 2008ರಲ್ಲಿ 7ನೇ ಆವೃತ್ತಿಯ ಜೊತೆ ಬಂದದ್ದು. 2012ರಲ್ಲಿ ಟ್ರಿಂಬಲ್ ಕಂಪನಿ ಸ್ಕೆಚ್‌ಅಪ್ ಕೊಂಡಿತು, ಸಾಫ್ಟ್‌ವೇರ್ ಎಷ್ಟೋ ಬದಲಾಯಿತು, ಫಾರ್ಮುಲಾ ಬರೆಯುವ ಕಿಟಕಿ ಮಾತ್ರ ಹೆಚ್ಚುಕಮ್ಮಿ ಹಾಗೇ ಉಳಿದಿದೆ. ನೋಡಲು ಚೆಂದವಿಲ್ಲ. ಆದರೆ ಕೆಲಸ ಮಾಡುತ್ತದೆ.

ಮೊದಲು ಪೇಪರ್ ಮೇಲೆ

ಮೌಸ್ ಮುಟ್ಟುವ ಮುಂಚೆ ಒಂದು ಹಾಳೆ ತಗೊಳ್ಳಿ. ನಿಮ್ಮ ವಸ್ತುವಿನಲ್ಲಿ ಇರುವ ಪ್ರತಿ ಅಳತೆಯನ್ನೂ ಬರೆದು, ಅದು ಮೂರರಲ್ಲಿ ಯಾವುದು ಅಂತ ಗುರುತು ಹಾಕಿ. ಬಳಸುವವರು ಬದಲಾಯಿಸುವಂಥದ್ದಾ? ಎಂದೂ ಬದಲಾಗಬಾರದ್ದಾ? ಅಥವಾ ಬೇರೆ ಅಳತೆಯ ಬಾಲ ಹಿಡಿದು ಹೋಗುವಂಥದ್ದಾ?

ನಮ್ಮ ಕಪಾಟಿನಲ್ಲಿ ಅಗಲ, ಎತ್ತರ, ಆಳ ಮೂರೂ ಬಳಸುವವರ ಕೈಯಲ್ಲಿ. ಬೆನ್ನಿನ ಪ್ಲೈ 6 ಮಿ.ಮೀ., ಅದು ಬದಲಾಗುವುದಿಲ್ಲ. ಪ್ಲೈ ದಪ್ಪ ಒಂದು ಬಿಟ್ಟರೆ ಉಳಿದ ಪ್ರತಿಯೊಂದೂ ಬಾಲ. ಅಡ್ಡ ಹಲಗೆಯ ಉದ್ದ ಎಂದರೆ ಅಗಲದಲ್ಲಿ ಎರಡು ದಪ್ಪ ಕಳೆದದ್ದು. ಬಲ ಪಕ್ಕದ ಹಲಗೆ ನಿಲ್ಲುವ ಜಾಗ ಎಂದರೆ ಅಗಲದಲ್ಲಿ ಒಂದು ದಪ್ಪ ಕಳೆದದ್ದು. ಹೀಗೆ.

ಪ್ಲೈ ದಪ್ಪ ಯಾವ ಗುಂಪು? ನಾನು ಮೊದಲು 'ಬದಲಾಗಬಾರದ್ದು' ಅಂತ ಹಾಕಿ ಎಲ್ಲ ಫಾರ್ಮುಲಾದಲ್ಲೂ 18 ಅಂತ ಬರೆದಿದ್ದೆ. ತಪ್ಪು. 18 ಎಂದು ಮಾರುವ ಪ್ಲೈ ಅಳೆದರೆ ಎಷ್ಟೋ ಸಲ 18 ಇರುವುದಿಲ್ಲ. ಮೇಲೆ 1 ಮಿ.ಮೀ. ಲ್ಯಾಮಿನೇಟ್, ಒಳಗೆ 0.8ರ ಲೈನರ್ ಅಂಟಿಸಿದರೆ 19.8. ಅಂಟಿನ ಲೆಕ್ಕ ಬೇರೆ. ಹಾಗಾಗಿ ದಪ್ಪವನ್ನು ಒಂದೇ ಕಡೆ ಬರೆದು, ಉಳಿದವರೆಲ್ಲ ಅಲ್ಲಿಂದ ಓದುವ ಹಾಗೆ ಮಾಡಬೇಕು. ಈ ಒಂದು ಅಭ್ಯಾಸ ಬಂದರೆ ಅರ್ಧ ಪ್ಯಾರಾಮೆಟ್ರಿಕ್ ಮಾಡೆಲಿಂಗ್, ಅಂದರೆ ಅಳತೆ ಬದಲಾಯಿಸಿದರೆ ತಾನೇ ಬದಲಾಗುವ ಮಾಡೆಲ್ ಮಾಡುವ ವಿದ್ಯೆ, ಕಲಿತ ಹಾಗೆ. ಬದಲಾಗಬಹುದಾದ ಒಂದೇ ಸಂಖ್ಯೆಯನ್ನು ಎರಡು ಕಡೆ ಟೈಪ್ ಮಾಡುತ್ತಿದ್ದೀರಿ ಅಂದರೆ ಎಲ್ಲೋ ದಾರಿ ತಪ್ಪಿದ್ದೀರಿ ಅಂತ ಅರ್ಥ.

ಪೆಟ್ಟಿಗೆಗಳನ್ನು ಮಾಡುವುದು

ಈಗ ಸ್ಕೆಚ್‌ಅಪ್ ತೆರೆಯಿರಿ. ಆರು ತುಂಡು ಬೇಕು: ಎಡ, ಬಲ, ತಳ, ತಲೆ, ಬೆನ್ನು, ಹಲಗೆ. ಅಡ್ಡ ಹಲಗೆ ಒಂದೇ ಸಾಕು, ಉಳಿದವನ್ನು ಅದೇ ಹುಟ್ಟಿಸುತ್ತದೆ. ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ, ಹೇಗೂ ಫಾರ್ಮುಲಾ ಸರಿ ಮಾಡುತ್ತದೆ. ಒಂದು ಡಬ್ಬಿ ಬರೆಯಿರಿ, ಪೂರ್ತಿ ಸೆಲೆಕ್ಟ್ ಮಾಡಿ, ಕೀಬೋರ್ಡ್‌ನಲ್ಲಿ ಜಿ ಒತ್ತಿ ಕಾಂಪೊನೆಂಟ್ (ಒಟ್ಟಿಗೆ ಒಂದೇ ವಸ್ತುವಾಗಿ ನಿಲ್ಲುವ ತುಂಡು) ಮಾಡಿ, ಹೆಸರು ಕೊಡಿ. ಹಾಗೆ ಆರು. ಒಂದನ್ನೇ ಕಾಪಿ ಮಾಡಿ ಬಳಸಿದರೆ ಪ್ರತಿಯೊಂದಕ್ಕೂ ಮೇಕ್ ಯುನೀಕ್ (ರೈಟ್ ಕ್ಲಿಕ್‌ನಲ್ಲಿ ಸಿಗುವ, ಕಾಪಿಯನ್ನು ಬೇರೆಯಾಗಿಸುವ ಆಯ್ಕೆ) ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಎಡಕ್ಕೆ ಹಾಕಿದ್ದು ಬಲಕ್ಕೂ ಅಂಟಿಕೊಂಡು ತಲೆ ಕೆಡುತ್ತದೆ.

ಹೆಸರಿನ ಬಗ್ಗೆ. ನಾನು ಕನ್ನಡದ ಹೆಸರನ್ನೇ ಇಡುತ್ತೇನೆ, ಆದರೆ ಇಂಗ್ಲಿಷ್ ಅಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ. ಕಪಾಟು, ಹಲಗೆ, ದಪ್ಪ. ಒಂದು ಲಾಭ ಇದೆ: ಸಾಫ್ಟ್‌ವೇರ್‌ನ ಸ್ವಂತ ಹೆಸರೆಲ್ಲ ಇಂಗ್ಲಿಷ್, ನಾನಿಟ್ಟದ್ದೆಲ್ಲ ಕನ್ನಡ. ಆರು ತಿಂಗಳ ಮೇಲೆ ಫೈಲ್ ತೆರೆದರೂ ಯಾವುದು ನನ್ನದು ಅಂತ ಕಣ್ಣಿಗೆ ಬೀಳುತ್ತದೆ. ಕೆಳಗೆ ಫಾರ್ಮುಲಾಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಓದಲು ಸುಲಭ ಅಂತ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಸಾಫ್ಟ್‌ವೇರ್‌ನ ಪದಗಳ ಸ್ಪೆಲಿಂಗ್ ಆ ಕಿಟಕಿಯಲ್ಲೇ ಕಾಣುತ್ತದೆ.

ಇನ್ನು ಒರಿಜಿನ್. ಅರ್ಧ ಜನ ಸೋಲುವುದು ಇಲ್ಲೇ. ಪ್ರತಿ ಕಾಂಪೊನೆಂಟ್‌ಗೂ ಅದರದ್ದೇ ಕೆಂಪು, ಹಸಿರು, ನೀಲಿ ಗೆರೆಗಳಿರುತ್ತವೆ, ಅವು ಸೇರುವ ಮೂಲೆಯೇ ಒರಿಜಿನ್. 'ಈ ಹಲಗೆ ಎಲ್ಲಿದೆ' ಅಂತ ಸ್ಕೆಚ್‌ಅಪ್ ಕೇಳಿಕೊಂಡಾಗ ಅದು ನೋಡುವುದು ಹಲಗೆಯ ಒರಿಜಿನ್ ಹೊರಗಿನ ಕಪಾಟಿನ ಒರಿಜಿನ್‌ನಿಂದ ಎಷ್ಟು ದೂರ ಇದೆ ಎಂದು. ಒಂದು ತುಂಡಿನ ಒರಿಜಿನ್ ಮಧ್ಯದಲ್ಲಿದ್ದು ಇನ್ನೊಂದರದ್ದು ಮೂಲೆಯಲ್ಲಿದ್ದರೆ ನಿಮ್ಮ ಫಾರ್ಮುಲಾ ಸರಿಯಿದ್ದೂ ಹಲಗೆ ಎಲ್ಲೋ ಹೋಗಿ ನಿಲ್ಲುತ್ತದೆ. ಎಲ್ಲ ತುಂಡಿಗೂ ಮುಂದಿನ, ಎಡ, ಕೆಳಗಿನ ಮೂಲೆಯೇ ಒರಿಜಿನ್ ಆಗಿರಲಿ. ಆಗಿಲ್ಲದಿದ್ದರೆ ರೈಟ್ ಕ್ಲಿಕ್ ಮಾಡಿ ಚೇಂಜ್ ಆಕ್ಸಿಸ್ ಆರಿಸಿ ಸರಿ ಮಾಡಿ. ಕೆಂಪು ಅಗಲಕ್ಕೆ, ಹಸಿರು ಆಳಕ್ಕೆ, ನೀಲಿ ಎತ್ತರಕ್ಕೆ. ಅಂದರೆ ಎಕ್ಸ್, ವೈ, ಝಡ್.

ಆರೂ ತುಂಡು ಸೆಲೆಕ್ಟ್ ಮಾಡಿ ಮತ್ತೆ ಜಿ ಒತ್ತಿ, ಹೊರಗಿನದಕ್ಕೆ ಕಪಾಟು ಅಂತ ಹೆಸರಿಡಿ. ಇದೇ ಯಜಮಾನ. ಒಳಗಿನ ಆರೂ ಇದರ ಮಾತು ಕೇಳಬೇಕು. ತಮ್ಮತಮ್ಮಲ್ಲಿ ಮಾತಾಡಿಕೊಳ್ಳಬಾರದು. ಬಲ ತನ್ನ ಜಾಗವನ್ನು ತಳದಿಂದ ಕೇಳಿ, ತಳ ತನ್ನ ಉದ್ದವನ್ನು ಬಲದಿಂದ ಕೇಳಿದರೆ ಸುತ್ತಿ ಸುತ್ತಿ ಗಂಟು ಬೀಳುತ್ತದೆ. ಸಾಫ್ಟ್‌ವೇರ್ ಅಣ್ಣತಮ್ಮಂದಿರ ನಡುವಿನ ಮಾತಿಗೂ ಅವಕಾಶ ಕೊಡುತ್ತದೆ, ಆದರೂ ಬೇಡ.

ಫಾರ್ಮುಲಾ ಬರೆಯೋಣ

ಕಪಾಟನ್ನು ಸೆಲೆಕ್ಟ್ ಮಾಡಿ, ರೈಟ್ ಕ್ಲಿಕ್, ಡೈನಾಮಿಕ್ ಕಾಂಪೊನೆಂಟ್ಸ್, ಕಾಂಪೊನೆಂಟ್ ಆಟ್ರಿಬ್ಯೂಟ್ಸ್. ಒಂದು ಕಿಟಕಿ ತೆರೆಯುತ್ತದೆ. ಮೇಲೆ ಕಪಾಟು, ಕೆಳಗೆ ಅದರೊಳಗಿನ ಆರು ತುಂಡು. ಆಟ್ರಿಬ್ಯೂಟ್ ಅಂದರೆ ಆ ತುಂಡಿನ ಒಂದು ಗುಣ: ಅಳತೆ, ಜಾಗ, ಹೆಸರು ಹೀಗೆ. ಪ್ರತಿಯೊಂದಕ್ಕೂ ಆಡ್ ಆಟ್ರಿಬ್ಯೂಟ್ ಅಂತ ಒಂದು ಸಾಲು ಇರುತ್ತದೆ. ಅದನ್ನು ಒತ್ತಿದರೆ ರೆಡಿ ಇರುವ ಪಟ್ಟಿ ಬರುತ್ತದೆ: ಎಕ್ಸ್, ವೈ, ಝಡ್ ಎಂದರೆ ಜಾಗ, ಲೆನ್‌ಎಕ್ಸ್, ಲೆನ್‌ವೈ, ಲೆನ್‌ಝಡ್ ಎಂದರೆ ಅಳತೆ, ರಾಟ್‌ಎಕ್ಸ್ ಮೊದಲಾದವು ತಿರುಗಿಸಲು. ಮಿಕ್ಕವು ಆಮೇಲೆ. ನಿಮ್ಮದೇ ಹೆಸರನ್ನೂ ಅಲ್ಲಿ ಟೈಪ್ ಮಾಡಬಹುದು.

ಕಪಾಟಿಗೆ ಲೆನ್‌ಎಕ್ಸ್, ಲೆನ್‌ವೈ, ಲೆನ್‌ಝಡ್ ಸೇರಿಸಿ 90, 30, 180 ಅಂತ ಕೊಡಿ. ಜೊತೆಗೆ ನಮ್ಮದೇ ಒಂದು ಆಟ್ರಿಬ್ಯೂಟ್, ದಪ್ಪ. ಅದಕ್ಕೆ 1.8.

ನಿಲ್ಲಿ, 1.8 ಯಾಕೆ? ನಿಮ್ಮ ಫೈಲ್ ಮಿಲಿಮೀಟರ್‌ನಲ್ಲಿದ್ದರೂ ಈ ಕಿಟಕಿಯ ಒಳಗೆ ಲೆಕ್ಕ ನಡೆಯುವುದು ಸೆಂಟಿಮೀಟರ್‌ನಲ್ಲಿ ಅಥವಾ ಇಂಚಿನಲ್ಲಿ. ಮಿಲಿಮೀಟರ್ ಅನ್ನುವುದು ಫಾರ್ಮುಲಾಗೆ ಗೊತ್ತೇ ಇಲ್ಲ. 18 ಅಂತ ಬರೆದರೆ 18 ಸೆಂ.ಮೀ. ದಪ್ಪದ ಹಲಗೆ ಬಂದು ನಿಲ್ಲುತ್ತದೆ, ದೇವಸ್ಥಾನದ ಬಾಗಿಲಿನ ಹಾಗೆ. ನಾನು ಬರೆಯುವುದೆಲ್ಲ ಸೆಂ.ಮೀ. ಲೆಕ್ಕ. ಅಡಿ, ಇಂಚು, ನೂಲಿನಲ್ಲಿ ಮಾತಾಡುವ ಬಡಗಿಗೆ ಕೊಡುವಾಗ ಆಮೇಲೆ ಬದಲಾಯಿಸಿಕೊಂಡರಾಯಿತು.

ಇನ್ನೊಂದು ಸೂಕ್ಷ್ಮ. ಕಪಾಟಿನ ಮೂರು ಅಳತೆಗೆ ಬರೀ ಸಂಖ್ಯೆ ಕೊಟ್ಟೆವು, ಮುಂದೆ ಸಮ ಚಿಹ್ನೆ ಹಾಕಲಿಲ್ಲ. ಬೇಕೆಂತಲೇ. ಬರೀ 90 ಎಂದರೆ 'ಈಗ 90 ಇದೆ, ಬೇಕಾದರೆ ಬದಲಾಯಿಸು' ಅಂತ. =90 ಎಂದರೆ 'ಏನೇ ಮಾಡಿದರೂ 90ಕ್ಕೇ ವಾಪಸ್ ಬಾ' ಅಂತ. ಯಜಮಾನನ ಅಳತೆಗೆ ಸಮ ಚಿಹ್ನೆ ಹಾಕಿದರೆ ಎಷ್ಟು ಎಳೆದರೂ ರಬ್ಬರಿನ ಹಾಗೆ ಹಿಂದಕ್ಕೆ ಬರುತ್ತದೆ. ಒಳಗಿನ ತುಂಡಿಗೆ ಸಮ ಚಿಹ್ನೆ ಹಾಕದಿದ್ದರೆ ಯಜಮಾನನ ಜೊತೆ ತಾನೂ ಹಿಗ್ಗುತ್ತದೆ. ಅಂದರೆ ಮತ್ತೆ 24 ಎಂಎಂ ಪ್ಲೈ.

ಈಗ ಎಡ:

ಲೆನ್‌ಎಕ್ಸ್ =ಕಪಾಟು!ದಪ್ಪ
ಲೆನ್‌ವೈ =ಕಪಾಟು!ಲೆನ್‌ವೈ
ಲೆನ್‌ಝಡ್ =ಕಪಾಟು!ಲೆನ್‌ಝಡ್
ಎಕ್ಸ್, ವೈ, ಝಡ್ ಮೂರಕ್ಕೂ =0

ಆಶ್ಚರ್ಯ ಚಿಹ್ನೆಯ ಅರ್ಥ 'ಅವನ' ಅಂತ ಓದಿಕೊಳ್ಳಿ. ಕಪಾಟಿನ ದಪ್ಪ, ಕಪಾಟಿನ ಎತ್ತರ. ಬಲಕ್ಕೂ ಇದೇ, ಎಕ್ಸ್ ಮಾತ್ರ ಬೇರೆ:

ಎಕ್ಸ್ =ಕಪಾಟು!ಲೆನ್‌ಎಕ್ಸ್-ಕಪಾಟು!ದಪ್ಪ

ತಳಕ್ಕೆ ಎಕ್ಸ್ ಎಂದರೆ ದಪ್ಪ, ಯಾಕೆಂದರೆ ಅದು ಎಡ ಹಲಗೆ ಮುಗಿದ ಕಡೆ ಶುರುವಾಗುತ್ತದೆ. ಅದರ ಲೆನ್‌ಝಡ್ ದಪ್ಪಕ್ಕೆ ಸಮ. ಉದ್ದ:

ಲೆನ್‌ಎಕ್ಸ್ =ಕಪಾಟು!ಲೆನ್‌ಎಕ್ಸ್-2*ಕಪಾಟು!ದಪ್ಪ

ತಲೆಗೂ ಅದೇ, ಅದರ ಝಡ್ ಮಾತ್ರ ಎತ್ತರದಲ್ಲಿ ಒಂದು ದಪ್ಪ ಕಳೆದದ್ದು. ಬೆನ್ನು ಎರಡು ಪಕ್ಕದ ಹಲಗೆ, ತಳ, ತಲೆಗಳ ಒಳಗೆ ಕೂರುತ್ತದೆ. ಅದರ ಲೆನ್‌ವೈ =0.6, ವೈ =ಕಪಾಟು!ಲೆನ್‌ವೈ-0.6. ಉದ್ದ, ಎತ್ತರ ಎರಡರಲ್ಲೂ ಎರಡೆರಡು ದಪ್ಪ ಕಳೆಯಿರಿ, ಎಕ್ಸ್ ಮತ್ತು ಝಡ್ ಎರಡೂ ಒಂದೊಂದು ದಪ್ಪ.

ಇಷ್ಟಾದ ಮೇಲೆ ಕಿಟಕಿಯ ಪಕ್ಕಕ್ಕೆ ಬಂದು ಕಪಾಟನ್ನು ಸ್ಕೇಲ್ ಟೂಲ್‌ನಿಂದ ಎಳೆದು ನೋಡಿ. ಎಳೆಯುವಾಗ ಎಲ್ಲ ಹಿಗ್ಗಿದ ಹಾಗೆ ಕಾಣುತ್ತದೆ, ಮೌಸ್ ಬಿಟ್ಟ ತಕ್ಷಣ ಹಲಗೆಗಳೆಲ್ಲ ತಮ್ಮ ದಪ್ಪಕ್ಕೆ ವಾಪಸ್ ಬಂದು ಕೂರುತ್ತವೆ. ಮೊದಲ ಸಲ ನೋಡಿದಾಗ ನಾನು ಸುಮ್ನೆ ಹತ್ತು ಸಲ ಎಳೆದಾಡಿದ್ದೆ.

ತಾನೇ ಹೆಚ್ಚಾಗುವ ಹಲಗೆ

ಇದು ನಿಜವಾದ ಮಜಾ. ಸ್ವಲ್ಪ ಲೆಕ್ಕ ಇದೆ, ಹೈಸ್ಕೂಲಿನದ್ದೇ.

ನನಗೆ ಬೇಕಾದ್ದು ಇಷ್ಟು: ಎರಡು ಹಲಗೆಯ ನಡುವಿನ ಸಂದು 35 ಸೆಂ.ಮೀ. ದಾಟಬಾರದು, ಆದರೆ ಎಲ್ಲ ಸಂದೂ ಒಂದೇ ಸಮ ಇರಬೇಕು. ಎತ್ತರ ಎಷ್ಟೇ ಇರಲಿ.

ಕಪಾಟಿಗೆ ಇನ್ನೂ ಮೂರು ಆಟ್ರಿಬ್ಯೂಟ್ ಸೇರಿಸಿ. ಮಿತಿ, ಎಷ್ಟು, ಸಂದು. ಮಿತಿಗೆ 35 ಕೊಡಿ. ಎಷ್ಟು ಎಂದರೆ ಎಷ್ಟು ಹಲಗೆ ಬೇಕು ಅನ್ನುವುದು. ಒಳಗಿನ ಎತ್ತರವನ್ನು ತಗೊಂಡು, ಅದರಲ್ಲಿ ಒಂದು ಸಂದು ಕಳೆದು, ಉಳಿದದ್ದನ್ನು ಸಂದು ಮತ್ತು ದಪ್ಪದ ಜೋಡಿಯಿಂದ ಭಾಗಿಸಬೇಕು. ಇಲ್ಲಿ ಸಂದು ಅಂದರೆ ಮಿತಿಯಷ್ಟು, 35. ಯಾಕೆ ಒಂದು ಸಂದು ಕಳೆಯುವುದು? ನಾಲ್ಕು ಹಲಗೆಗೆ ಐದು ಸಂದು ಬರುತ್ತದೆ, ಅಲ್ವಾ. ಒಂದು ಸಂದು ಯಾವಾಗಲೂ ಜೋಡಿ ಇಲ್ಲದೆ ಉಳಿಯುತ್ತದೆ. ಭಾಗಿಸಿ ಬಂದದ್ದು ಪೂರ್ಣ ಸಂಖ್ಯೆ ಆಗಿರುವುದಿಲ್ಲ, ಅದನ್ನು ಮೇಲಕ್ಕೆ ಏರಿಸಬೇಕು. ಅದಕ್ಕೆ ಸೀಲಿಂಗ್ ಅನ್ನುವ ಫಂಕ್ಷನ್:

ಎಷ್ಟು =ಸೀಲಿಂಗ್((ಲೆನ್‌ಝಡ್-2*ದಪ್ಪ-ಮಿತಿ)/(ಮಿತಿ+ದಪ್ಪ),1)

ಕೊನೆಯ 1 'ಒಂದರ ಲೆಕ್ಕದಲ್ಲಿ ಏರಿಸು' ಅನ್ನಲು. 180 ಎತ್ತರಕ್ಕೆ ಒಳಗಿನ ಎತ್ತರ 176.4. ಅದರಲ್ಲಿ 35 ಹೋದರೆ 141.4. ಅದನ್ನು 36.8ರಿಂದ ಭಾಗಿಸಿದರೆ 3.84. ಮೇಲಕ್ಕೆ ಏರಿಸಿದರೆ 4. ನಾಲ್ಕು ಹಲಗೆ.

ಇದು ಕಪಾಟಿನ ಸ್ವಂತ ಫಾರ್ಮುಲಾ, ಹಾಗಾಗಿ ಕಪಾಟು ಮತ್ತು ಆಶ್ಚರ್ಯ ಚಿಹ್ನೆ ಬೇಕಿಲ್ಲ. ತನ್ನ ಮನೆಯಲ್ಲಿ ತನ್ನ ಹೆಸರು ಹೇಳಿಕೊಳ್ಳುವ ಅಗತ್ಯ ಏನಿದೆ. ಈಗ ಸಂದು:

ಸಂದು =(ಲೆನ್‌ಝಡ್-2*ದಪ್ಪ-ಎಷ್ಟು*ದಪ್ಪ)/(ಎಷ್ಟು+1)

176.4ರಲ್ಲಿ ನಾಲ್ಕು ಹಲಗೆಯ 7.2 ಹೋದರೆ 169.2. ಐದರಿಂದ ಭಾಗಿಸಿ: 33.84. 35ರ ಒಳಗೇ ಇದೆ.

ಇನ್ನು ಹಲಗೆಗೆ ಬನ್ನಿ. ಉದ್ದ, ದಪ್ಪ, ಎಕ್ಸ್ ಎಲ್ಲ ತಳದ ಹಾಗೇ. ಲೆನ್‌ವೈಯಲ್ಲಿ ಬೆನ್ನಿನ 0.6 ಕಳೆಯಿರಿ. ಆಡ್ ಆಟ್ರಿಬ್ಯೂಟ್‌ನಲ್ಲಿ ಕಾಪೀಸ್ ಅಂತ ಒಂದು ಇದೆ, ಅದನ್ನು ಸೇರಿಸಿ:

ಕಾಪೀಸ್ =ಕಪಾಟು!ಎಷ್ಟು-1

ಒಂದು ಯಾಕೆ ಕಳೆಯುವುದೆಂದರೆ, ಕಾಪೀಸ್ ಲೆಕ್ಕ ಮಾಡುವುದು ನಕಲುಗಳನ್ನು ಮಾತ್ರ. ಅಸಲು ಹಲಗೆ ಲೆಕ್ಕಕ್ಕಿಲ್ಲ. ಕಾಪೀಸ್ 3 ಎಂದರೆ ಒಟ್ಟು ನಾಲ್ಕು.

ಆಮೇಲೆ ಝಡ್. ನಾಲ್ಕೂ ಹಲಗೆಗೆ ಒಂದೇ ಫಾರ್ಮುಲಾ, ಆದರೆ ನಿಲ್ಲುವ ಜಾಗ ಬೇರೆ ಬೇರೆ. ಅದಕ್ಕೆ ಕಾಪಿ ಅನ್ನುವ ಪದ ಇದೆ, ಕಾಪೀಸ್ ಅಲ್ಲ, ಏಕವಚನ. ಅಸಲಿಗೆ ಅದರ ಬೆಲೆ 0, ಮೊದಲ ನಕಲಿಗೆ 1, ಮುಂದಿನದಕ್ಕೆ 2.

ಝಡ್ =ಕಪಾಟು!ದಪ್ಪ+ಕಪಾಟು!ಸಂದು+ಕಾಪಿ*(ಕಪಾಟು!ಸಂದು+ಕಪಾಟು!ದಪ್ಪ)

ಓದಿ ನೋಡಿ: ತಳದ ದಪ್ಪ ದಾಟು, ಒಂದು ಸಂದು ಬಿಡು, ಅಲ್ಲಿ ನಿಲ್ಲು. ನೀನು ನಕಲಾಗಿದ್ದರೆ ನಿನ್ನ ನಂಬರ್‌ನಷ್ಟು ಸಲ ಒಂದು ಸಂದು ಮತ್ತು ಒಂದು ದಪ್ಪ ಮೇಲಕ್ಕೆ ಹತ್ತು. ಕೊನೆಯ ಹಲಗೆಗೆ ಲೆಕ್ಕ ಹಾಕಿದರೆ 142.56. ಅದರ ದಪ್ಪ ಸೇರಿಸಿ 144.36, ಸಂದು ಸೇರಿಸಿ 178.2. ತಲೆ ಹಲಗೆ ಶುರುವಾಗುವುದು ಸರಿಯಾಗಿ ಅಲ್ಲೇ. ಹೀಗೆ ಒಂದು ಸಲ ಕೈಯಲ್ಲಿ ಲೆಕ್ಕ ಹಾಕಿ ನೋಡುವುದು ಒಳ್ಳೆಯದು, ಪರದೆಯ ಮೇಲೆ ಒಂದು ದಪ್ಪದ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ನಕಲುಗಳ ಮೇಲೆ ಕೈ ಆಡಿಸಬೇಡಿ. ಮೂರನೆಯ ಹಲಗೆಗೆ ಮಾತ್ರ ಬೇರೆ ಬಣ್ಣ ಬಳಿಯೋಣ ಅಂತ ಹೋದರೆ ಮುಂದಿನ ಸಲ ಅಳತೆ ಬದಲಾದಾಗ ಅದು ಉಳಿಯುತ್ತದೆ ಅಂತ ಹೇಳಲಾಗದು. ಬದಲಾಯಿಸುವುದಿದ್ದರೆ ಅಸಲನ್ನೇ ಬದಲಾಯಿಸಿ.

ಈಗ ಹಟ ಮಾಡಿ ಮುರಿಯಲು ನೋಡಿ. ರೆವಿಟ್ ಅನ್ನುವ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಬಳಸುವವರು ಫ್ಯಾಮಿಲಿ (ಅಲ್ಲಿನ ಇಂಥದೇ ಕಾಂಪೊನೆಂಟ್) ಮಾಡಿದ ಮೇಲೆ ಅದನ್ನು 'ಫ್ಲೆಕ್ಸ್' ಮಾಡುತ್ತಾರೆ, ಅಂದರೆ ಅಳತೆಗಳನ್ನು ಹೆಚ್ಚು ಕಡಿಮೆ ಮಾಡಿ ಎಲ್ಲಾದರೂ ಬಿಚ್ಚಿಕೊಳ್ಳುತ್ತಾ ಅಂತ ನೋಡುತ್ತಾರೆ. ಅದೇ ಕೆಲಸ. 60 ಎತ್ತರ ಕೊಟ್ಟೆ, ಒಂದು ಹಲಗೆ, ಸಂದು 27.3. ಸರಿ. 240 ಕೊಟ್ಟೆ, ಆರು ಹಲಗೆ, ಸಂದು ಸುಮಾರು 32.2. ಸರಿ. 30 ಕೊಟ್ಟೆ, ಎಷ್ಟು ಸೊನ್ನೆ, ಕಾಪೀಸ್ ಮೈನಸ್ 1, ಆದರೂ ಅಸಲು ಹಲಗೆ ತಲೆ ಹಲಗೆಯೊಳಗೆ ತೂರಿಕೊಂಡು ನಿಂತಿದೆ! ಅಸಲು ಯಾವತ್ತೂ ಹೋಗುವುದಿಲ್ಲ, ಅದನ್ನು ಬಚ್ಚಿಡಬೇಕು. ಹಲಗೆಗೆ ಹಿಡನ್ ಅನ್ನುವ ಆಟ್ರಿಬ್ಯೂಟ್ ಸೇರಿಸಿ:

ಹಿಡನ್ =ಇಫ್(ಕಪಾಟು!ಎಷ್ಟು<1,1,0)

ಇಫ್ ಎಕ್ಸೆಲ್‌ನದ್ದೇ ಇಫ್. 1 ಎಂದರೆ ಮರೆ, 0 ಎಂದರೆ ಕಾಣು.

ದಪ್ಪವನ್ನು 1.98 ಮಾಡಿ ನೋಡಿ, ಲ್ಯಾಮಿನೇಟ್ ಸೇರಿದ ಹಾಗೆ. ಅಡ್ಡ ಹಲಗೆ 86.4 ಇದ್ದದ್ದು 86.04 ಆಗುತ್ತದೆ. 3.6 ಮಿ.ಮೀ. ವ್ಯತ್ಯಾಸ. ಇದನ್ನು ಮರೆತು ಕೊಯ್ದ ಹಲಗೆಯನ್ನು ಸುತ್ತಿಗೆಯಲ್ಲಿ ಹೊಡೆದು ತೂರಿಸುವುದನ್ನು ಸೈಟ್‌ನಲ್ಲಿ ನೋಡಿದವರಿಗೆ ಇದರ ಬೆಲೆ ಗೊತ್ತು.

ಬೇರೆಯವರ ಕೈಗೆ ಕೊಡುವ ಮುಂಚೆ

ಫಾರ್ಮುಲಾ ಕಿಟಕಿ ನಮಗೆ. ಬಳಸುವವರಿಗೆ ಕಾಣಬೇಕಾದ್ದು ಕಾಂಪೊನೆಂಟ್ ಆಪ್ಷನ್ಸ್ ಅನ್ನುವ ಇನ್ನೊಂದು ಚಿಕ್ಕ ಕಿಟಕಿ. ಯಾವುದು ಅಲ್ಲಿ ಕಾಣಬೇಕು ಅಂತ ನಾವೇ ಹೇಳಬೇಕು. ಪ್ರತಿ ಆಟ್ರಿಬ್ಯೂಟ್‌ನ ಬಲತುದಿಯ ಬಾಣ ಒತ್ತಿದರೆ ನಾಲ್ಕು ಆಯ್ಕೆ ಸಿಗುತ್ತವೆ: ಕಾಣುವುದೇ ಬೇಡ, ಕಾಣಲಿ ಆದರೆ ಮುಟ್ಟುವುದು ಬೇಡ, ಟೈಪ್ ಮಾಡಿ ಬದಲಾಯಿಸಲಿ, ಪಟ್ಟಿಯಿಂದ ಆರಿಸಲಿ.

ನಾನು ಎತ್ತರ, ಆಳಕ್ಕೆ ಟೈಪ್ ಮಾಡುವ ಅವಕಾಶ ಕೊಡುತ್ತೇನೆ. ದಪ್ಪಕ್ಕೆ ಪಟ್ಟಿ, ಮೂರೇ ಮೂರು: 1.2, 1.8, 1.98. ಎಷ್ಟು ಮತ್ತು ಸಂದು ಕಾಣಲಿ, ಮುಟ್ಟುವುದು ಬೇಡ. ಅಗಲಕ್ಕೂ ಪಟ್ಟಿಯೇ: 60, 75, 90. ಅದಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಹಟ. 18 ಮಿ.ಮೀ. ಪ್ಲೈ ಮೇಲೆ ಪುಸ್ತಕ ತುಂಬಿದರೆ 90 ದಾಟಿದ ಮೇಲೆ ಹೊಟ್ಟೆ ಇಳಿಬಿಡುತ್ತದೆ. ಆ 1200ರ ಕಪಾಟಿಗೂ ಕೊನೆಗೆ ಮಧ್ಯೆ ಒಂದು ಆಧಾರ ಕೊಟ್ಟೆವು ಅನ್ನಿ.

ಸ್ಕೇಲ್ ಟೂಲ್‌ನಲ್ಲೇ ಎಳೆಯುವ ಜನರೂ ಇದ್ದಾರೆ, ಆಪ್ಷನ್ಸ್ ಕಿಟಕಿಯನ್ನು ತೆರೆಯುವುದೇ ಇಲ್ಲ. ಅವರಿಗಾಗಿ ಎರಡು ಉಪಾಯ. ಸ್ಕೇಲ್‌ಟೂಲ್ ಅನ್ನುವ ಆಟ್ರಿಬ್ಯೂಟ್ ಸೇರಿಸಿದರೆ ಯಾವ ಹಿಡಿಗಳು ಕಾಣಬೇಕು ಅಂತ ಟಿಕ್ ಹಾಕಬಹುದು. ಕೆಂಪು, ನೀಲಿ ಎರಡನ್ನು ಬಿಟ್ಟು ಉಳಿದದ್ದೆಲ್ಲ ತೆಗೆದುಬಿಡಿ, ಕರ್ಣದಲ್ಲಿ ಎಳೆದು ಗಬ್ಬೆಬ್ಬಿಸುವ ದಾರಿಯೇ ಮುಚ್ಚಿತು. ಎರಡನೆಯದು, ಅಗಲದ ಪಟ್ಟಿ ಬದಲು ಈ ಫಾರ್ಮುಲಾ:

ಲೆನ್‌ಎಕ್ಸ್ =ನಿಯರೆಸ್ಟ್(ಕರೆಂಟ್("ಲೆನ್‌ಎಕ್ಸ್"),60,75,90)

ಎಷ್ಟಕ್ಕೇ ಎಳೆಯಲಿ, ಮೂರರಲ್ಲಿ ಹತ್ತಿರದ್ದಕ್ಕೆ ಹೋಗಿ ಕೂರುತ್ತದೆ. 82ಕ್ಕೆ ಬಿಟ್ಟರೆ 75, 83ಕ್ಕೆ ಬಿಟ್ಟರೆ 90. ಆದರೆ ಲೆನ್‌ಎಕ್ಸ್‌ಗೆ ಪಟ್ಟಿಯೂ ಇದೂ ಒಟ್ಟಿಗೆ ನಡೆಯುವುದಿಲ್ಲ, ಒಂದನ್ನು ಆರಿಸಿಕೊಳ್ಳಿ.

ಬಾಗಿಲು ಮತ್ತು ಒಂದು ಬಲೆ

ಕಪಾಟಿಗೆ ಬಾಗಿಲು ಬೇಕಂದರೆ ಕ್ಲಿಕ್ ಮಾಡಿದಾಗ ತೆರೆಯುವ ಹಾಗೂ ಮಾಡಬಹುದು. ಬಾಗಿಲಿನ ಒರಿಜಿನ್ ಕೀಲು ಇರುವ ಅಂಚಿನಲ್ಲಿರಬೇಕು, ತಿರುಗುವುದು ಅದರ ಸುತ್ತಲೇ. ಆನ್‌ಕ್ಲಿಕ್ ಅನ್ನುವ ಆಟ್ರಿಬ್ಯೂಟ್‌ಗೆ:

=ಅನಿಮೇಟ್("ರಾಟ್‌ಝಡ್",0,-100)

ಟೂಲ್‌ಬಾರ್‌ನಲ್ಲಿರುವ ಬೆರಳಿನ ಗುರುತಿನ ಟೂಲ್ ತಗೊಂಡು ಬಾಗಿಲ ಮೇಲೆ ಒತ್ತಿದರೆ ತೆರೆಯುತ್ತದೆ, ಇನ್ನೊಮ್ಮೆ ಒತ್ತಿದರೆ ಮುಚ್ಚುತ್ತದೆ. ಎಡಗಡೆ ಕೀಲಾದರೆ ಮೈನಸ್, ಬಲಗಡೆಯಾದರೆ ಪ್ಲಸ್. ಮನೆಯವರಿಗೆ ಲ್ಯಾಪ್‌ಟಾಪ್‌ನಲ್ಲಿ ತೋರಿಸುವಾಗ ಮಾಡೆಲ್ ಎಷ್ಟೇ ಚೆನ್ನಾಗಿರಲಿ, ಎಲ್ಲರೂ ಮೆಚ್ಚುವುದು ಈ ಬಾಗಿಲನ್ನೇ.

ಬಲೆ ಇರುವುದು ಇಲ್ಲಿ. ಕಪಾಟು ತನ್ನ ಲೆನ್‌ವೈಯನ್ನು ಅಳೆಯುವುದು ತನ್ನೊಳಗೆ ಇರುವ ಎಲ್ಲದರ ಹೊರ ಅಂಚಿನಿಂದ. ಬಾಗಿಲು ಕಪಾಟಿನ ಒಳಗೇ ಒಂದು ತುಂಡಾಗಿದ್ದು, ಅದು ತೆರೆದು ಹೊರಕ್ಕೆ ಚಾಚಿಕೊಂಡರೆ ಕಪಾಟಿನ ಆಳದ ಲೆಕ್ಕ ಏರುಪೇರಾಗುತ್ತದೆ. ಆಳ ಬದಲಾದರೆ ಪಕ್ಕದ ಹಲಗೆಗಳು ಬದಲಾಗುತ್ತವೆ. ಬಾಗಿಲು ತೆರೆದಾಗ ಕಪಾಟು ಹಿಂದಿನ ಗೋಡೆಯೊಳಗೆ ನುಗ್ಗಿದ್ದನ್ನು ನೋಡಿ ನಾನು ಒಂದು ಸಂಜೆ ಪೂರ್ತಿ ಫಾರ್ಮುಲಾ ತಡಕಾಡಿದ್ದೇನೆ. ಪರಿಹಾರ ಸುಲಭ: ಬಾಗಿಲನ್ನು ಕಪಾಟಿನ ಹೊರಗೆ ಇಡಿ. ಎರಡನ್ನೂ ಸೇರಿಸಿ ಇನ್ನೊಂದು ದೊಡ್ಡ ಕಾಂಪೊನೆಂಟ್ ಮಾಡಿ, ಅದರಲ್ಲಿ ಅಗಲ, ಆಳ, ಎತ್ತರ ಅಂತ ನಿಮ್ಮದೇ ಆಟ್ರಿಬ್ಯೂಟ್ ಇಟ್ಟು, ಕಪಾಟು ಮತ್ತು ಬಾಗಿಲು ಎರಡೂ ಅಲ್ಲಿಂದ ಓದಲಿ. ಎಳೆಯುವ ಸುಖ ಹೋಗುತ್ತದೆ, ಟೈಪ್ ಮಾಡಬೇಕು. ಪರವಾಗಿಲ್ಲ.

ಬಲಗೈ ಬಾಗಿಲು ಬೇಕು ಅಂತ ಇಡೀ ಕಾಂಪೊನೆಂಟನ್ನು ಫ್ಲಿಪ್ ಮಾಡಲು ಹೋಗಬೇಡಿ. ಕನ್ನಡಿಯಲ್ಲಿ ತಿರುಗಿಸಿದ ಡೈನಾಮಿಕ್ ಕಾಂಪೊನೆಂಟ್‌ಗಳು ಮುಂದೆ ಹುಚ್ಚಾಟ ಆಡುತ್ತವೆ. ಬಲದ್ದಕ್ಕೆ ಬೇರೆಯೇ ಬಾಗಿಲು ಮಾಡಿ, ಹಿಡನ್ ಬಳಸಿ ಒಂದನ್ನು ಮರೆ ಮಾಡಿ.

ಏನೋ ಸರಿ ಕಾಣುತ್ತಿಲ್ಲ ಅನ್ನಿಸಿದರೆ ಮೊದಲು ರೈಟ್ ಕ್ಲಿಕ್ ಮಾಡಿ ಡೈನಾಮಿಕ್ ಕಾಂಪೊನೆಂಟ್ಸ್‌ನಲ್ಲಿ ರೀಡ್ರಾ ಒತ್ತಿ. ಆಮೇಲೂ ಕೆಟ್ಟಿದ್ದರೆ ಒರಿಜಿನ್ ನೋಡಿ. ಫಾರ್ಮುಲಾ ಮೇಲೆ ಅನುಮಾನ ಪಡುವುದು ಮೂರನೆಯದು.

ಕಪಾಟನ್ನು ಕಾಪಿ ಮಾಡಿ ಒಂದನ್ನು 60, ಇನ್ನೊಂದನ್ನು 90 ಮಾಡಿದರೆ ಸ್ಕೆಚ್‌ಅಪ್ ಒಳಗೊಳಗೇ ಅವನ್ನು ಬೇರೆ ಬೇರೆ ಕಾಂಪೊನೆಂಟ್ ಮಾಡುತ್ತದೆ, ಹೆಸರಿನ ಮುಂದೆ ನಂಬರ್ ಅಂಟಿಸಿ. ಹಾಗಾಗಿ ಇಡೀ ಮನೆಗೆ ನೂರು ಅಳತೆಯ ನೂರು ಕಪಾಟು ಹಾಕಿದರೆ ಫೈಲ್ ಊದಿಕೊಳ್ಳುತ್ತದೆ. ಫಾರ್ಮುಲಾಗಳು ಈ ನಂಬರಿನಿಂದ ಗೊಂದಲ ಆಗಬಾರದು ಅಂದರೆ ಪ್ರತಿ ತುಂಡಿಗೂ ನೇಮ್ ಆಟ್ರಿಬ್ಯೂಟ್ ಸೇರಿಸಿ ಹೆಸರನ್ನು ಅಲ್ಲೂ ಬರೆದುಬಿಡಿ. ಒಂದು ನಿಮಿಷದ ಕೆಲಸ.

ದುಡ್ಡು ಕೊಡದೆ ಇದನ್ನೆಲ್ಲ ಮಾಡಬೇಕು ಅನ್ನುವವರಿಗೆ ಫ್ರೀಕ್ಯಾಡ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ, ಅದರ 1.0 ಆವೃತ್ತಿ 2024ರ ನವೆಂಬರ್‌ನಲ್ಲಿ ಬಂತು. ಅಲ್ಲಿ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಅಳತೆ ಬರೆದು, ಪ್ರತಿ ಕೋಶಕ್ಕೂ ಹೆಸರಿಟ್ಟು, ಮಾಡೆಲ್ ಅದನ್ನು ಓದುವ ಹಾಗೆ ಮಾಡಬಹುದು. ಕಲಿಯಲು ಕಷ್ಟ ಜಾಸ್ತಿ, ಆದರೆ ಮಿಲಿಮೀಟರ್ ಅಂದರೆ ಅದಕ್ಕೆ ಅರ್ಥವಾಗುತ್ತದೆ. ಪೇಪರ್ ಮೇಲೆ ಮಾಡಿದ ಆ ಮೂರು ಗುಂಪಿನ ಲೆಕ್ಕ ಅಲ್ಲೂ ಅದೇ.

ಕೊನೆಗೆ ಕಟಿಂಗ್ ಲಿಸ್ಟ್. ಫೈಲ್ ಮೆನುವಿನಲ್ಲಿ ಜನರೇಟ್ ರಿಪೋರ್ಟ್ ಇದೆ. ಹೆಸರು, ಲೆನ್‌ಎಕ್ಸ್, ಲೆನ್‌ವೈ, ಲೆನ್‌ಝಡ್ ಆರಿಸಿದರೆ ಪ್ರತಿ ತುಂಡಿನ ಅಳತೆ ಸಾಲಾಗಿ ಬರುತ್ತದೆ, ಎಕ್ಸೆಲ್‌ನಲ್ಲಿ ತೆರೆಯಬಹುದು. ನಾನು ಈಗಲೂ ಬಡಗಿಗೆ ಕಳಿಸುವ ಮುಂಚೆ ದಪ್ಪದ ಕಾಲಮ್ ಮೇಲೆ ಒಮ್ಮೆ ಬೆರಳಾಡಿಸುತ್ತೇನೆ. ಅವರೂ ಲಿಸ್ಟ್ ಕೈಗೆ ಬಂದ ತಕ್ಷಣ ಮೊದಲು ನೋಡುವುದು ಅದನ್ನೇ. "24 ಇಲ್ಲ ತಾನೇ ಸಾರ್?" ಅಂತ ಇವತ್ತಿಗೂ ಕೇಳುತ್ತಾರೆ.